ಹಳ್ಳದಲ್ಲಿ ಆರು ಪೈಪು

(ಮನೆಯವರ ಗುಂಪು. ತಮ್ಮ ಹಂಚಿಕೊಂಡದ್ದು: ಹೊಸನಗರ ತಾಲ್ಲೂಕಿನ ಜಮೀನೊಂದರ ನಾಲ್ಕು ನಿಮಿಷದ ವಿಡಿಯೊ ಮತ್ತು ಪಹಣಿ. ವಿಡಿಯೊದ ಕೆಳಗಿನ ಬರಹ: "2 ಎಕರೆ 10 ಗುಂಟೆ, 1,500 ಅಡಿಕೆ ಮರ, ಹೆಂಚಿನ ಮನೆ, ವರ್ಷಪೂರ್ತಿ ಹರಿಯುವ ಹಳ್ಳ.")

ತಮ್ಮ: ಮೂರು ವರ್ಷದಿಂದ ಹುಡುಕುತ್ತಿದ್ದ ಜಾಗ ಇದೇ ಎಂದು ನಮ್ಮಿಬ್ಬರಿಗೂ ಅನ್ನಿಸಿದೆ. ಕೃಷಿಕರಲ್ಲದವರು ಜಮೀನು ಕೊಳ್ಳುವುದಕ್ಕೆ ಅಡ್ಡಿಯಾಗಿದ್ದ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು 2020ರ ತಿದ್ದುಪಡಿಯಲ್ಲಿ ತೆಗೆದುಹಾಕಿರುವುದರಿಂದ ಕಾನೂನಿನ ತೊಡಕೂ ಇಲ್ಲ. ಶುಕ್ರವಾರ ಮುಂಗಡ ಕೊಡಬೇಕೆಂದಿದ್ದೇವೆ. ದೊಡ್ಡಪ್ಪ, ನಿಮ್ಮ ಒಪ್ಪಿಗೆ ಬೇಕು.

ದೊಡ್ಡಪ್ಪ: ಕೊಡಲಾರೆ. ಕೊಳ್ಳಲು ನಿನಗೆ ಹಕ್ಕಿದೆ ಎಂದ ಮಾತ್ರಕ್ಕೆ ಮಾರಲು ಅವರಿಗೆ ಹಕ್ಕಿದೆ ಎಂದಾಗುವುದಿಲ್ಲ. ಅದು ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ, ಪೂರ್ವಾನುಮತಿಯಿಲ್ಲದ ಕ್ರಯ ಅಂಥ ಜಮೀನಿನ ಪರಭಾರೆ ನಿಷೇಧಿಸುವ 1978ರ ಕಾಯ್ದೆಯ ಮುಂದೆ ನಿಲ್ಲುವುದಿಲ್ಲ. ಅದನ್ನು ವಕೀಲರು ನೋಡಲಿ. ಲೆಕ್ಕವನ್ನಾದರೂ ನಾವು ನೋಡಬಹುದಲ್ಲ. ನೀನು ಹಾಕಿದ ಪಹಣಿಯಲ್ಲೇ 14 ಗುಂಟೆ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಎಂದಿದೆ. ಅದನ್ನು ಕಳೆದರೆ ಉಳಿಯುವುದು 1 ಎಕರೆ 36 ಗುಂಟೆ. ಒಂಬತ್ತು ಅಡಿಗೊಂದರಂತೆ ನೆಟ್ಟರೆ ಎಕರೆಗೆ ಸುಮಾರು 540 ಮರ ಹಿಡಿಯುತ್ತದೆ. ಮನೆ, ಅಂಗಳಕ್ಕೆ ಜಾಗವನ್ನೇ ಬಿಡದಿದ್ದರೂ ಸಾವಿರ ಚಿಲ್ಲರೆ. ಉಳಿದ ಐನೂರು ಮರಗಳನ್ನು ದಲ್ಲಾಳಿ ಎಲ್ಲಿ ನಿಲ್ಲಿಸಿದ್ದಾನೆ? ಒಂದೋ ಎಡೆಯಲ್ಲಿ ಹಾಕಿದ ಸಸಿಗಳನ್ನೂ ಮರವೆಂದು ಎಣಿಸಿದ್ದಾನೆ, ಇಲ್ಲವೇ ಬೇಲಿ ಪಹಣಿಯನ್ನು ದಾಟಿ ಒತ್ತುವರಿಗೆ ಹೋಗಿದೆ.

ಚಿಕ್ಕಮ್ಮ: ಭಾವನವರೇ, ನೀವು ತೋಟ ಕೊಳ್ಳುವಾಗ ಯಾರ ಒಪ್ಪಿಗೆ ಕೇಳಿದ್ದಿರಿ? ಅಕ್ಕ ಆಗ ವಾರಗಟ್ಟಲೆ ಮಾತು ಬಿಟ್ಟಿದ್ದರು. ಇಂದು ಅದೇ ಮನೆಯ ಜಗಲಿಯಲ್ಲಿ ಕುಳಿತು ಹುಡುಗನಿಗೆ ಬುದ್ಧಿ ಹೇಳುತ್ತಿದ್ದೀರಿ.

ದೊಡ್ಡಪ್ಪ: ಕೇಳಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ನಾನು ಜಾಗ ನೋಡಿದ್ದು ಅಕ್ಟೋಬರಿನಲ್ಲಿ. ಮಲೆನಾಡಿನಲ್ಲಿ ಆ ತಿಂಗಳು ಹರಿಯದ ಹಳ್ಳವೇ ಇಲ್ಲ. ಏಪ್ರಿಲ್ ಬಂದಾಗ ಬಾವಿಯ ತಳದಲ್ಲಿ ಕೊಡಪಾನ ಕಲ್ಲಿಗೆ ಬಡಿಯುವ ಸದ್ದು ಕೇಳಿತು. ಆ ವರ್ಷ ಮಳೆ ಹಿಡಿಯುವ ಮೊದಲು ಕೊಳೆರೋಗ ತಡೆಯುವ ಬೋರ್ಡೊ ದ್ರಾವಣ ಹೊಡೆಸಲು ಮರ ಹತ್ತುವ ಕೊನೆಗೌಡನೂ ಸಿಗಲಿಲ್ಲ, ಏಕೆಂದರೆ ಅವನು ಊರಿನವರಿಗೆಲ್ಲ ಮಾತು ಕೊಟ್ಟು ಮುಗಿದಿತ್ತು ಮತ್ತು ನಾನು ಅವನಿಗೆ ಗುರುತೇ ಇರಲಿಲ್ಲ. ದ್ರಾವಣಕ್ಕೆಂದು ತಂದ ಮೈಲುತುತ್ತು ಮೂಟೆಯಲ್ಲೇ ಉಳಿಯಿತು, ಕೊಳೆ ಬಂದು ಅಡಿಕೆ ಬುಡಕ್ಕೆ ಉದುರಿತು.

ತಮ್ಮ: ಇವೆಲ್ಲ ಎಲ್ಲ ತೋಟಕ್ಕೂ ಇರುವ ಕಷ್ಟಗಳೇ. ಹಳ್ಳ ಬತ್ತುತ್ತದೋ ಇಲ್ಲವೋ ನೋಡಲೆಂದು ಕಾಯುತ್ತಾ ಕುಳಿತರೆ ಜಾಗ ಬೇರೆಯವರ ಪಾಲಾಗುತ್ತದೆ.

ನಾನು: ವಿಡಿಯೊವನ್ನು 2 ನಿಮಿಷ 40 ಸೆಕೆಂಡಿನಲ್ಲಿ ನಿಲ್ಲಿಸಿ ನೋಡು. ಹಳ್ಳದ ಆಚೆ ದಂಡೆಯಿಂದ ಆರು ಕಪ್ಪು ಪೈಪುಗಳು ಒಂದೇ ಗುಂಡಿಗೆ ಇಳಿದಿವೆ. ಆರು ತೋಟದವರು ಎಳೆದ ಮೇಲೆ ನಿನಗೆಷ್ಟು ಉಳಿಯುತ್ತದೆ ಎಂದು ಕೇಳಿದ್ದೀಯಾ? ಗೇಟಿಗೆ ಬರುವ ದಾರಿಯೂ ಪಕ್ಕದವರ ತೋಟದ ನಡುವೆಯೇ ಇದೆ. ಗ್ರಾಮ ನಕಾಶೆಯಲ್ಲಿ ಅದು ಬಂಡಿದಾರಿಯೋ, ಅಥವಾ ಅವರ ಔದಾರ್ಯವೋ?

ಚಿಕ್ಕಮ್ಮ: ನಾನು ಹುಡುಗನ ಪರ, ಆದರೂ ಒಂದು ಮಾತು. ಬಚ್ಚಲಲ್ಲಿ ಒಲೆಯಿದೆ, ಹಂಡೆಯಿಲ್ಲ. ಗಾರೆಯಲ್ಲಿ ಕೂರಿಸಿದ್ದನ್ನು ಕಿತ್ತ ಗುರುತು ಕಾಣುತ್ತದೆ. ಕೆಲವು ತಿಂಗಳಿಗೆಂದು ಪೇಟೆಗೆ ಹೋದವರು ಹಂಡೆ ಕೀಳುವುದಿಲ್ಲ, ಇವರು ಮನೆ ಬಿಟ್ಟೇ ಹೋದಂತಿದೆ.

ತಮ್ಮ: ದಲ್ಲಾಳಿಗೆ ಈಗಷ್ಟೇ ಫೋನ್ ಮಾಡಿದೆ. ಪೈಪಿನ ಮಾತಿಗೆ ನೇರ ಉತ್ತರ ಬರಲಿಲ್ಲ. ಮುಂಗಡವನ್ನು ಸೋಮವಾರಕ್ಕೆ ಹಾಕಿದ್ದೇನೆ, ಅದರಾಚೆ ಕಾಯಿಸಲಾರೆ.

ದೊಡ್ಡಪ್ಪ: ಶನಿವಾರ ಬೆಳಗಿನ ಬಸ್ಸಿಗೆ ಬಾ. ದಲ್ಲಾಳಿಗೆ ತಿಳಿಸಬೇಡ. ಆರು ಪೈಪಿನವರಲ್ಲಿ ಇಬ್ಬರಾದರೂ ಮನೆಯಲ್ಲಿ ಸಿಗುತ್ತಾರೆ. ಹಳ್ಳ ಯಾವ ತಿಂಗಳು ನಿಲ್ಲುತ್ತದೆಂದು ಅವರನ್ನೇ ಕೇಳೋಣ.

ಚಿಕ್ಕಮ್ಮ: ನಾನೂ ಬರುತ್ತೇನೆ. ಹಂಡೆ ಎಲ್ಲಿಗೆ ಹೋಯಿತೆಂದು ಪಕ್ಕದ ಮನೆಯ ಹೆಂಗಸರನ್ನು ಕೇಳಬೇಕು.