‘ಆಪ್ತಮಿತ್ರ’ವನ್ನು ಮೊದಲ ಸಲ ನೋಡಿದಾಗ ನಿಮ್ಮ ಅನುಮಾನ ಯಾರ ಮೇಲಿತ್ತು?

ಪ್ರಶ್ನೆ:
2004ರ ಆಗಸ್ಟ್ ಕೊನೆಯಲ್ಲಿ ಪಿ. ವಾಸು ನಿರ್ದೇಶನದ ‘ಆಪ್ತಮಿತ್ರ’ ತೆರೆಕಂಡಾಗ ನಾನು ಪಿಯುಸಿಯಲ್ಲಿದ್ದೆ. ಸೌಂದರ್ಯ ಅವರು ಅದೇ ಏಪ್ರಿಲ್‌ನಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡಿದ್ದರಿಂದ, ಅವರು ಪರದೆಯ ಮೇಲೆ ನಗುತ್ತಾ ಬಂದ ಕೂಡಲೇ ಪಕ್ಕದಲ್ಲಿದ್ದ ಅಕ್ಕ ಕಣ್ಣೊರೆಸಿಕೊಂಡಳು. ಆ ನೋವಿನಲ್ಲಿ ಮುಳುಗಿದ್ದ ನಮಗೆ, ಹಳೆಯ ಬಂಗಲೆಯಲ್ಲಿ ನಡೆಯುವ ವಿಚಿತ್ರ ಘಟನೆಗಳಿಗಾಗಿ ಅವರು ನಿರ್ವಹಿಸಿದ ಗಂಗಾಳ ಮೇಲೆ ಸಂಶಯಪಡುವ ಯೋಚನೆಯೇ ಬರಲಿಲ್ಲ. ನಿಮಗೆ ಯಾವ ದೃಶ್ಯದಲ್ಲಿ ಸತ್ಯ ಹೊಳೆಯಿತು? ಚಿತ್ರ ನೋಡದವರು ದಯವಿಟ್ಟು ಮುಂದೆ ಓದಬೇಡಿ.

ಉತ್ತರ 1:
ನಾನು ಶಿವಮೊಗ್ಗದಲ್ಲಿ ಗೆಳೆಯರೊಂದಿಗೆ ನೋಡಿದೆ. ಪ್ರೇಮಾ ಅವರು ನಿರ್ವಹಿಸಿದ ಸೌಮ್ಯಾಳೇ ಎಲ್ಲಕ್ಕೂ ಕಾರಣಳೆಂದು ಮಧ್ಯಂತರದಲ್ಲಿ ಬಹಳ ವಿಶ್ವಾಸದಿಂದ ವಾದಿಸಿದ್ದೆ, ಏಕೆಂದರೆ ಚಿತ್ರಕಥೆಯು ನಮ್ಮ ಕಣ್ಣನ್ನು ಅತ್ತಲೇ ತಿರುಗಿಸಿತ್ತು. ಹೊರಗೆ ಹೋಗಬೇಡವೆಂದು ಗಂಡನ ಪಾತ್ರದ ರಮೇಶ್ ಅರವಿಂದ್ ತಡೆದಾಗ ಗಂಗಾಳ ದನಿ ಬದಲಾಗಿ, ಆಕೆ ಮಂಚವನ್ನೇ ಎತ್ತಿಬಿಡುತ್ತಾಳಲ್ಲ, ಅಲ್ಲಿ ನನ್ನ ವಾದ ಮುಗಿಯಿತು. ಮಂಚಕ್ಕಿಂತಲೂ ನನ್ನನ್ನು ನಡುಗಿಸಿದ್ದು ಅದರ ಮರುಕ್ಷಣ: ಆಕೆ ಮತ್ತೆ ಸಾಧು ಗೃಹಿಣಿಯಾಗಿ, ಏನಾಯಿತೆಂದು ತಿಳಿಯದೆ ಗಂಡನ ಮುಖ ನೋಡುವ ಆ ನೋಟ.

ಉತ್ತರ 2:
ನಾನು ಇದರ ಮೂಲವಾದ, ಫಾಜಿಲ್ ಅವರ 1993ರ ಮಲಯಾಳಂ ಚಿತ್ರ ‘ಮಣಿಚಿತ್ರತಾಳ್’ ಅನ್ನು ಮೊದಲೇ ನೋಡಿದ್ದೆ. ಗುಟ್ಟು ಗೊತ್ತಿದ್ದವನಿಗೆ ಬೇರೆಯದೇ ಸುಖ ಸಿಗುತ್ತದೆ, ಬೀಗ ಹಾಕಿದ ಕೋಣೆಯ ಕಥೆಯನ್ನು ಗಂಗಾ ಎಷ್ಟು ಆಸೆಯಿಂದ ಕೇಳಿಸಿಕೊಳ್ಳುತ್ತಾಳೆ ಎಂಬುದನ್ನು ಆತ ಮೊದಲಿನಿಂದಲೇ ಗಮನಿಸುತ್ತಾನೆ. ನಾಯಕಿ ತಾನೇ ಎಂದುಕೊಳ್ಳುವ, ಆ ಕೋಣೆಯ ಕಥೆಯ ನರ್ತಕಿ ಅಲ್ಲಿ ತಮಿಳಿನವಳು, ಇಲ್ಲಿ ತೆಲುಗಿನ ನಾಗವಲ್ಲಿ. ಹೆಂಡತಿಯ ಬಾಯಿಂದ ಆಕೆಯದಲ್ಲದ ಭಾಷೆ ಹೊರಡುವುದಕ್ಕಿಂತ ಭಯಾನಕವಾದುದು ಇನ್ನೇನಿದೆ? ಗುರುಕಿರಣ್ ಸಂಗೀತದ ‘ರಾ ರಾ’ ಹಾಡಿನ ಶಕ್ತಿ ಇರುವುದು ಅಲ್ಲಿಯೇ ಎಂದು ನನ್ನ ನಂಬಿಕೆ. ಶೋಭನಾ ಅವರಿಗೆ ಮೂಲ ಪಾತ್ರಕ್ಕಾಗಿ ರಾಷ್ಟ್ರಪ್ರಶಸ್ತಿ ಬಂದಿತ್ತು, ನೃತ್ಯದಲ್ಲಿ ಅವರೇ ಮೇಲು. ಆದರೆ ಗಂಗಾಳ ಮುಗ್ಧತೆಯಲ್ಲಿ ಸೌಂದರ್ಯ ಅವರನ್ನು ಯಾರೂ ಮೀರಿಸಿಲ್ಲವೆಂದು ನಾನು ಹೇಳಬಲ್ಲೆ.

ಉತ್ತರ 3:
ನನ್ನ ನೆನಪು ಸ್ವಲ್ಪ ಬೇರೆ ಬಗೆಯದು. ಆ ದಿನಗಳಲ್ಲಿ ನಮ್ಮ ಚಿಕ್ಕಮ್ಮ ರಾತ್ರಿ ಎದ್ದು ಯಾರೊಂದಿಗೋ ಮಾತನಾಡುತ್ತಿದ್ದರು. ಮನೆಯವರು ತಾಯಿತ ಕಟ್ಟಿಸಿದ್ದರು, ದೆವ್ವ ಬಿಡಿಸುವವರ ಬಳಿಗೂ ಕರೆದೊಯ್ದಿದ್ದರು. ವಿಷ್ಣುವರ್ಧನ್ ಅವರ ಡಾಕ್ಟರ್ ವಿಜಯ್ ನಾಗವಲ್ಲಿಯನ್ನು ದೆವ್ವವೆನ್ನದೆ ಕಾಯಿಲೆಯೆಂದು ಗುರುತಿಸಿ, ಅವಿನಾಶ್ ಅವರ ಆಚಾರ್ಯರನ್ನೂ ದೂರವಿಡದೆ ಜೊತೆಗೆ ಸೇರಿಸಿಕೊಂಡು, ನಾಗವಲ್ಲಿಯನ್ನು ಕೊಂದ ರಾಜ ವಿಜಯ ರಾಜೇಂದ್ರ ಬಹದ್ದೂರನ ಮೇಲಿನ ಸೇಡು ತೀರಿತೆಂದು ಆಕೆಯ ಮನಸ್ಸನ್ನು ನಂಬಿಸುವ ಭಾಗವನ್ನು ನಮ್ಮ ಅಪ್ಪ ಕದಲದೆ ನೋಡಿದರು. ಮರುವಾರ ಚಿಕ್ಕಮ್ಮನನ್ನು ಮನೋವೈದ್ಯರ ಬಳಿಗೆ ಕರೆದುಕೊಂಡು ಹೋದರು. ನಿಜವಾದ ಚಿಕಿತ್ಸೆ ದುರ್ಗಾಷ್ಟಮಿಯ ಒಂದು ರಾತ್ರಿಯಲ್ಲಿ ಮುಗಿಯುವಂಥದ್ದಲ್ಲ, ಚಿಕ್ಕಮ್ಮ ಎರಡು ವರ್ಷ ಮಾತ್ರೆ ತೆಗೆದುಕೊಂಡರು. ಈಗಲೂ ಟಿ.ವಿ.ಯಲ್ಲಿ ಈ ಚಿತ್ರ ಬಂದರೆ ಅವರು ಎದ್ದು ಹೋಗುವುದಿಲ್ಲ. ಗಂಗಾ ಗಂಗಾಳಾಗಿಯೇ ಕಣ್ಣು ತೆರೆಯುವವರೆಗೂ ನಮ್ಮೊಡನೆ ಕುಳಿತಿರುತ್ತಾರೆ.