ಹಳೇ ಬುಲೆಟ್ ಎಂಜಿನ್ ಪೂರ್ತಿ ಬಿಚ್ಚಿಸಬೇಕಾ? ಸಹಾಯ ಬೇಕು

ನಮಸ್ಕಾರ, ಬದಿಯಡ್ಕದಿಂದ ಬರೆಯುತ್ತಿದ್ದೇನೆ. ಅಪ್ಪ ಓಡಿಸುತ್ತಿದ್ದ ಕಾಸ್ಟ್ ಐರನ್ 350 ಬುಲೆಟ್, ಬಲಗಾಲಿನ ಗೇರಿನದು. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಅಂಗಳದಲ್ಲಿ ಅಂಗೈಯಗಲ ಆಯಿಲ್. ಟ್ಯಾಪೆಟ್ ಕವರಿನ ಸುತ್ತ ಜಿನುಗುತ್ತದೆ, ರಾಕರಿಗೆ (ವಾಲ್ವ್ ತೆರೆಯುವ ಸನ್ನೆಗೆ) ಆಯಿಲ್ ಹೋಗುವ ಪೈಪಿನ ಬುಡವೂ ಒದ್ದೆ. ಆದರೆ ಹೊಗೆ ಇಲ್ಲ, ಕಂಪ್ರೆಷನ್ ಗಟ್ಟಿಯಾಗಿದೆ, ಚಡಾವಿನಲ್ಲೂ ಎಳೆಯುತ್ತದೆ.

ಮೆಕ್ಯಾನಿಕ್ ಸಿಲಿಂಡರ್ ಬೋರ್ ಮಾಡಿಸಿ (ಒಳಮೈ ಕೊರೆಸಿ) ಪಿಸ್ಟನ್, ಕನೆಕ್ಟಿಂಗ್ ರಾಡ್ ಎಲ್ಲ ಹೊಸತು ಹಾಕೋಣ ಎನ್ನುತ್ತಾರೆ. ನನಗೆ ಮೊದಲು ಬ್ರೀದರ್ ಪೈಪ್ (ಎಂಜಿನ್ ಒಳಗಿನ ಗಾಳಿ ಹೊರಹೋಗುವ ಕೊಳವೆ) ಕಟ್ಟಿಕೊಂಡಿದೆಯಾ ನೋಡಬೇಕು ಅನಿಸುತ್ತದೆ. ಅದು ಮುಚ್ಚಿದರೆ ಒಳಗಿನ ಒತ್ತಡ ಆಯಿಲನ್ನು ಸಂದಿಗಳಿಂದ ಹೊರಗೆ ತಳ್ಳುತ್ತದಲ್ಲ! ಆಮೇಲೆ ಗ್ಯಾಸ್ಕೆಟ್, ಆಯಿಲ್ ಸೀಲ್ ಸಾಕಲ್ಲವೇ? ರಾಡ್ ಬದಲಿಸಲೆಂದು ಚೆನ್ನಾಗಿರುವ ಕ್ರ್ಯಾಂಕನ್ನು (ಪಿಸ್ಟನ್ ತಿರುಗಿಸುವ ದಂಡವನ್ನು) ಬಿಚ್ಚಿಸಲು ಮನಸ್ಸೇ ಬರುವುದಿಲ್ಲ.

ಎಂಜಿನ್ ಇಳಿಸದೆ ಬಿಗ್ ಎಂಡ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವ ಕಡೆಯ ಬೇರಿಂಗ್) ಸವೆದಿದೆಯಾ ಎಂದು ತಿಳಿಯುವುದು ಹೇಗೆ? ಪುತ್ತೂರು, ಮಂಗಳೂರು ಕಡೆ ಹಳೇ ಬುಲೆಟ್ ಬಲ್ಲವರಿದ್ದರೆ ದಯವಿಟ್ಟು ತಿಳಿಸಿ. ಮಳೆಗಾಲಕ್ಕೆ ಮೊದಲು ಕೆಲಸ ಮುಗಿಸಬೇಕು.