ಎಲ್ಲರೂ ಪಾಸಾದರೆ ಕೋರ್ಸ್ ಚೆನ್ನಾಗಿದೆ ಅಂತಲೇ?

ಫಿಸಿಕ್ಸ್ ಮೇಷ್ಟ್ರು: ನನ್ನ ಮೊದಲ ವರ್ಷದ ಕೋರ್ಸಿನಲ್ಲಿ ಈ ಸಲ ಹೆಚ್ಚುಕಮ್ಮಿ ಎಲ್ಲರೂ ಪಾಸ್. ಫೀಡ್‌ಬ್ಯಾಕ್ ಫಾರ್ಮಿನಲ್ಲೂ ಹೊಗಳಿದ್ದಾರೆ. ಆದರೂ ವಿಭಾಗದ ಸಭೆಯಲ್ಲಿ 'ಮಕ್ಕಳು ಕಲಿತಿದ್ದಾರೆ ಅನ್ನೋದಕ್ಕೆ ಆಧಾರ ಏನು' ಎಂದು ಕೇಳಿದರು. ಇನ್ನೇನು ಆಧಾರ ಬೇಕು?

ಲೆಕ್ಕದವಳು: ಅವರು ಕೇಳಿದ್ದರಲ್ಲಿ ತಪ್ಪಿಲ್ಲ ಸರ್. ಕೋರ್ಸ್ ಶುರುವಾಗುವ ಮೊದಲೇ ಅವರಿಗೆ ಎಷ್ಟು ಗೊತ್ತಿತ್ತು? ಅದನ್ನು ಅಳೆಯದೆ ಕೊನೆಯ ಅಂಕ ಇಟ್ಟುಕೊಂಡು ಏನು ಹೇಳೋಣ? ನಿಮ್ಮ ವಿಷಯದಲ್ಲೇ ಉದಾಹರಣೆ ಇದೆ. ಬಲ, ಚಲನೆ ಎಷ್ಟು ಅರ್ಥವಾಗಿದೆ ಎಂದು ನೋಡಲು ಅಮೆರಿಕದ ಭೌತಶಾಸ್ತ್ರಜ್ಞ ಹೆಸ್ಟೆನೆಸ್ ಮತ್ತು ಜೊತೆಗಾರರು 1992ರಲ್ಲಿ ಒಂದು ಪರೀಕ್ಷೆ ಮಾಡಿದರು. ಸೂತ್ರ ಹಾಕಿ ಬಿಡಿಸುವ ಲೆಕ್ಕ ಇಲ್ಲ, ಸುಮ್ನೆ ಯೋಚಿಸಿ, ಕೊಟ್ಟಿರುವ ಉತ್ತರಗಳಲ್ಲಿ ಸರಿಯಾದದ್ದಕ್ಕೆ ಗುರುತು ಹಾಕಬೇಕು. ಇಂಥ ಪರೀಕ್ಷೆಗಳನ್ನು ಕೋರ್ಸಿನ ಮೊದಲು, ಆಮೇಲೆ ಕೊಟ್ಟ 6,000ಕ್ಕೂ ಜಾಸ್ತಿ ವಿದ್ಯಾರ್ಥಿಗಳ ಅಂಕಗಳನ್ನು ಹೇಕ್ ಎಂಬ ಇನ್ನೊಬ್ಬ ಭೌತಶಾಸ್ತ್ರಜ್ಞರು 1998ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಬರೀ ಉಪನ್ಯಾಸ ಕೇಳಿದ ತರಗತಿಗಳು, ಮೊದಲ ಪರೀಕ್ಷೆಯಲ್ಲಿ ಕೈತಪ್ಪಿ ಬಾಕಿ ಉಳಿದಿದ್ದ ಅಂಕಗಳಲ್ಲಿ ಸರಾಸರಿ 23%ರಷ್ಟನ್ನು ಕೊನೆಗೆ ಗಳಿಸಿದ್ದವು. ಪಕ್ಕದವರ ಜೊತೆ ಚರ್ಚಿಸಿ, ಮಾಡಿ ನೋಡಿ ಕಲಿತ ತರಗತಿಗಳು 48%.

ಕಡೇ ಬೆಂಚು: ಫೀಡ್‌ಬ್ಯಾಕ್ ಫಾರ್ಮ್ ಬಗ್ಗೆ ಒಂದು ಮಾತು. ಹಾರ್ವರ್ಡ್‌ನಲ್ಲಿ ಮಾಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾವೇ ಲೆಕ್ಕ ಬಿಡಿಸುತ್ತಾ ಕಲಿತವರು ಟೆಸ್ಟ್‌ನಲ್ಲಿ ಮುಂದಿದ್ದರು. ಆದರೆ 'ಜಾಸ್ತಿ ಕಲಿತೆ' ಅಂದವರು ಒಳ್ಳೆಯ ಉಪನ್ಯಾಸ ಕೇಳಿದವರು! ಪಾಠ ಸಲೀಸಾಗಿ ಸಾಗಿದರೆ ನಮಗೂ ಎಲ್ಲ ಗೊತ್ತಾಯಿತು ಅನಿಸುತ್ತೆ, ಅಲ್ವಾ?

ಸಾಹಿತ್ಯದ ಮೇಡಂ: ಇದೆಲ್ಲ ಫಿಸಿಕ್ಸ್‌ಗೆ ಸರಿ. ಒಂದು ಕವಿತೆ ಎಷ್ಟು ದಕ್ಕಿದೆ ಎಂದು ನಾಲ್ಕು ಆಯ್ಕೆ ಕೊಟ್ಟು ಕೇಳೋಕಾಗುತ್ತಾ? ಅದೂ ಅಲ್ಲದೆ, ಅದೇ ಪ್ರಶ್ನೆ ಕೊನೆಗೂ ಬರುತ್ತೆ ಅಂತ ಗೊತ್ತಾದರೆ ಮೇಷ್ಟ್ರುಗಳು ಅದನ್ನೇ ಪಾಠ ಮಾಡ್ತಾರೆ.

ಲೆಕ್ಕದವಳು: ಎರಡನೆಯದು ನಿಜವಾದ ಅಪಾಯ, ಒಪ್ಪಿದೆ. ಕವಿತೆಗೆ ಆಯ್ಕೆ ಪ್ರಶ್ನೆ ಯಾಕೆ ಮೇಡಂ? ಮೊದಲ ವಾರದ ಪ್ರಬಂಧ, ಕೊನೆಯ ವಾರದ ಪ್ರಬಂಧ ಎರಡನ್ನೂ ಹೆಸರು, ತಾರೀಕು ಮುಚ್ಚಿ ಕಲಸಿಬಿಡಿ. ಏನಕ್ಕೆ ಎಷ್ಟು ಅಂಕ ಅಂತ ಮೊದಲೇ ಬರೆದಿಟ್ಟು, ಬೇರೊಬ್ಬರ ಕೈಲಿ ತಿದ್ದಿಸಿ.

ಸಾಹಿತ್ಯದ ಮೇಡಂ: ನೂರಿಪ್ಪತ್ತು ಜನರ ತರಗತಿ ನನ್ನದು. ತಿದ್ದೋರು ಯಾರಮ್ಮಾ?

ಲೆಕ್ಕದವಳು: ಎಲ್ಲರದ್ದೂ ಬೇಡ, ಚೀಟಿ ಎತ್ತಿ ಇಪ್ಪತ್ತು ಜನರದ್ದು ಸಾಕು. ನಾವು ತೂಗುತ್ತಿರುವುದು ಕೋರ್ಸನ್ನು, ಹುಡುಗರನ್ನಲ್ಲ.

ಫಿಸಿಕ್ಸ್ ಮೇಷ್ಟ್ರು: ಈಗ ನನ್ನ ಪ್ರಶ್ನೆಪತ್ರಿಕೆ ತೆಗೆದು ನೋಡಿದೆ. ಕೋರ್ಸಿನ ಉದ್ದೇಶ ಅಂತ 'ಹೊಸ ಸನ್ನಿವೇಶವನ್ನು ವಿಶ್ಲೇಷಿಸುವುದು' ಎಂದು ನಾನೇ ಬರೆದಿದ್ದೇನೆ. ಕೇಳಿರುವುದು ಮಾತ್ರ 'ವ್ಯಾಖ್ಯೆ ಬರೆಯಿರಿ', 'ಸೂತ್ರವನ್ನು ಸಾಧಿಸಿ'. ಸೂತ್ರ ಸಾಧಿಸೋದು ಸ್ವಲ್ಪವಾದರೂ ಯೋಚನೆಯ ಕೆಲಸ ಅಂದುಕೊಂಡಿದ್ದೆ.

ಕಡೇ ಬೆಂಚು: ಸರ್, ಅದನ್ನೂ ನಾವು ಬಾಯಿಪಾಠ ಮಾಡ್ಕೊಂಡೇ ಬರ್ತೀವಿ.